ಷರಾ

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಅಪ್ಪ ಗುಮಾಸ್ತರಾಗಿದ್ದರು. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಕಿರ್ದಿ ಪುಸ್ತಕ ಅವರ ಮುಂದೆ ಸದಾ ತೆರೆದೇ ಇರುತ್ತಿತ್ತು. ಜಮಾ, ಖರ್ಚು, ಬಾಕಿ ಎಲ್ಲ ಮುಗಿದ ಮೇಲೆ ಹಾಳೆಯ ಬಲತುದಿಯಲ್ಲಿ ಮೂರು ಬೆರಳಗಲದ ಒಂದು ಕಾಲಂ. ಅದರ ತಲೆಯ ಮೇಲೆ ‘ಷರಾ’ ಎಂದು ಬರೆದಿರುತ್ತಿತ್ತು. ಬೇಸಿಗೆ ರಜೆಯಲ್ಲಿ ಮಧ್ಯಾಹ್ನದ ಬುತ್ತಿ ಕೊಡಲು ಹೋದ ನಾನು, ಅಪ್ಪ ಉಣ್ಣುವಷ್ಟು ಹೊತ್ತೂ ಅದನ್ನೇ ಓದುತ್ತ ಕೂರುತ್ತಿದ್ದೆ. ‘ಮಳೆಗೆ ನೆಂದ ಮಾಲು, ಒಣಗಿಸಿ ತೂಗಿದ್ದು.’ ‘ಮಗಳ ಮದುವೆಗೆ ಮುಂಗಡ.’ ‘ಬೋರ್‌ವೆಲ್ ಕೊರೆಸಲು, ನೀರು ಬೀಳಲಿಲ್ಲವಂತೆ.’ ಅಂಕಿಗಳು ಆಗ ನನಗೆ ಏನೂ ಹೇಳುತ್ತಿರಲಿಲ್ಲ. ಷರಾ ಓದಿದರೆ ಹೊನ್ನವಳ್ಳಿ, ಕಿಬ್ಬನಹಳ್ಳಿ ಕಡೆಯ ರೈತರ ಮನೆಯೊಳಕ್ಕೇ ಹೋಗಿ ಬಂದ ಹಾಗಾಗುತ್ತಿತ್ತು.

“ಎಷ್ಟು ಅನ್ನೋದನ್ನ ಯಾರು ಬೇಕಾದ್ರೂ ಕೂಡಿ ಹೇಳ್ತಾರೆ ಕಣಪ್ಪ. ಯಾಕೆ ಅನ್ನೋದನ್ನ ಬರೆದವನೇ ಹೇಳ್ಬೇಕು” ಎನ್ನುತ್ತಿದ್ದರು ಅಪ್ಪ. ಅವರದು ಇನ್ನೊಂದು ಕಟ್ಟುನಿಟ್ಟೂ ಇತ್ತು. ತಪ್ಪು ಬಿದ್ದರೆ ಗೀಚುವಂತಿಲ್ಲ, ಬ್ಲೇಡಿನಿಂದ ಕೆರೆಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿದ್ದದ್ದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ಅದರ ಕೆಳಗೆ ಸಹಿ.

ಬಿ.ಕಾಂ. ಮುಗಿಸಿ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಕಲಿತು, 2022ರ ಜನವರಿಯಲ್ಲಿ ನಾನು ಪೀಣ್ಯದ ಎರಡನೇ ಹಂತದ ಒಂದು ಕಾರ್ಖಾನೆಗೆ ಅಕೌಂಟ್ಸ್ ಅಸಿಸ್ಟೆಂಟ್ ಆಗಿ ಸೇರಿದೆ. ಟ್ಯಾಲಿ ಎಂಬ ಹೆಸರು ಕೇಳಿ ಅಪ್ಪನಿಗೆ ಬಹಳ ಸಂತೋಷವಾಗಿತ್ತು. “ತಾಳೆ ನೋಡೋದಕ್ಕೆ ಟ್ಯಾಲಿ ಅಂತಲೇ ಹೆಸರಿಟ್ಟಿದಾರಲ್ಲ!” ಎಂದಿದ್ದರು. ಎರಡು ಪದಗಳಿಗೂ ನಂಟಿಲ್ಲವೆಂದು ಅವರಿಗೆ ತಿದ್ದಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಟ್ಯಾಲಿಯಲ್ಲೂ ಪ್ರತಿ ವೋಚರಿನ ಅಡಿಯಲ್ಲಿ ನರೇಷನ್ ಎಂಬ ಒಂದು ಜಾಗವಿದೆ. ಅದು ಅಪ್ಪನ ಷರಾವೇ. ಹಿರಿಯರು ಅಲ್ಲಿ ‘ಬೀಯಿಂಗ್ ಅಮೌಂಟ್ ಪೇಯ್ಡ್ ಟುವರ್ಡ್ಸ್’ ಎಂದು ಶುರು ಮಾಡುತ್ತಾರೆ. ಅವಸರದವರು ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ನಾನು ಒಂದನ್ನೂ ಖಾಲಿ ಬಿಟ್ಟವನಲ್ಲ.

ಲೆಕ್ಕ ವಿಭಾಗದಲ್ಲಿ ನಾವು ನಾಲ್ವರಿದ್ದೆವು. ಪ್ರತಿ ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಮಾರಾಟದ ಜಿಎಸ್‌ಟಿಆರ್-1, 14ಕ್ಕೆ ಖರೀದಿಯ 2ಬಿ ಬರುವುದನ್ನು ಕಾಯುವುದು, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಯ 3ಬಿ. ಈ ತಾರೀಕುಗಳ ಸುತ್ತಲೇ ನಮ್ಮ ಹಬ್ಬ, ಜ್ವರ, ಊರಿಗೆ ಹೋಗಿಬರುವುದು ಎಲ್ಲವೂ. 2023ರ ನವೆಂಬರ್ 20, ಸೋಮವಾರ, ಸಂಜೆ ಏಳರ ಹೊತ್ತಿಗೆ 3ಬಿ ಸಲ್ಲಿಸಿ ಮುಗಿಸಿದೆವು. ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಕರೆದರು.

“ಕೂತ್ಕೊಳ್ಳಿ. ನಿಮ್ಮ ಕೆಲಸದ ಬಗ್ಗೆ ಏನೂ ದೂರಿಲ್ಲ” ಎಂದು ಶುರು ಮಾಡಿದಾಗಲೇ ಗೊತ್ತಾಯಿತು. ಲೆಕ್ಕವನ್ನೆಲ್ಲ ಹೊರಗಿನವರಿಗೆ ಒಪ್ಪಿಸುತ್ತಿದ್ದಾರೆ, ಇಲ್ಲಿ ಇಬ್ಬರು ಸಾಕು, ಕೊನೆಗೆ ಸೇರಿದವನು ನಾನು. ಮೇಜಿನ ಮೇಲೆ ಒಂದು ಹಾಳೆ ಆಗಲೇ ಟೈಪಾಗಿ ಬಂದಿತ್ತು. ವೈಯಕ್ತಿಕ ಕಾರಣಗಳಿಂದ ನಾನು ರಾಜೀನಾಮೆ ಕೊಡುತ್ತಿದ್ದೇನೆ ಎಂದು ಅದರಲ್ಲಿತ್ತು. “ಸಹಿ ಹಾಕಿಬಿಡಿ. ತೆಗೆದ್ರು ಅಂತ ಇದ್ರೆ ಮುಂದೆ ಕೆಲಸ ಸಿಗೋದು ಕಷ್ಟ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

ಅವರು ಕೆಟ್ಟವರೇನಲ್ಲ, ಆ ಮಾತನ್ನು ನಂಬಿಯೇ ಹೇಳಿದರು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ನಾನು ಪೆನ್ನು ಕೈಗೆತ್ತಿಕೊಂಡದ್ದೂ ನಿಜ. ಆದರೆ ಆ ಹಾಳೆಯ ಮೇಲಿದ್ದ ಕಾರಣ ನನ್ನದಾಗಿರಲಿಲ್ಲ. ಎರಡು ವರ್ಷ ಹತ್ತಿರ ಹತ್ತಿರ ಪ್ರತಿ ವೋಚರಿಗೂ ಯಾಕೆ ಎಂದು ಬರೆದವನು, ನನ್ನ ಹೆಸರಿನ ವೋಚರಿಗೆ ಸುಳ್ಳು ನರೇಷನ್ ಬರೆಯುವುದೇ? “ಒಂದು ರಾತ್ರಿ ಯೋಚನೆ ಮಾಡ್ತೀನಿ ಸಾರ್” ಎಂದು ಎದ್ದು ಬಂದೆ.

ನಮ್ಮ ಸೀನಿಯರ್ ಮೇಡಂ ನೀರಿನ ಫಿಲ್ಟರ್ ಹತ್ತಿರ ನಿಂತು ಮೆಲ್ಲಗೆ ಹೇಳಿದ ಮಾತನ್ನು ನಾನು ಮರೆಯಲಾರೆ. “ರಾಜೀನಾಮೆ ಬರೆದ್ರೆ ಪರಿಹಾರಾನೂ ಇಲ್ಲ, ಇಎಸ್‌ಐ ದುಡ್ಡೂ ಇಲ್ಲ. ಬರೀಬೇಡ ಕಣೋ.” ರೂಮಿಗೆ ಹೋಗಿ ರಾತ್ರಿಯೆಲ್ಲ ಓದಿದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ‘ಕಾರ್ಮಿಕ’ ಎಂಬ ಮಾತಿನೊಳಗೆ ಗುಮಾಸ್ತಿಕೆ ಮಾಡುವವರೂ ಸೇರಿದ್ದರು. ವರ್ಷ ತುಂಬಿದವರನ್ನು ತೆಗೆಯಬೇಕಾದರೆ 25ಎಫ್ ಕಲಮಿನ ಪ್ರಕಾರ ಒಂದು ತಿಂಗಳ ನೋಟಿಸು ಕೊಡಬೇಕಿತ್ತು, ಇಲ್ಲವೇ ಅಷ್ಟರ ಸಂಬಳ ಕೊಡಬೇಕಿತ್ತು. ಅದರ ಮೇಲೆ ದುಡಿದ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಆರು ತಿಂಗಳು ಮೀರಿದ ಭಾಗವನ್ನೂ ಒಂದು ವರ್ಷವೆಂದೇ ಹಿಡಿಯಬೇಕಿತ್ತು. ನನ್ನದು ಒಂದು ವರ್ಷ ಹತ್ತು ತಿಂಗಳು. ಅಂದರೆ ಎರಡು ವರ್ಷ, 30 ದಿನ.

ಇಎಸ್‌ಐ ಸಂಗತಿಯಂತೂ ನನ್ನನ್ನು ಅಲುಗಾಡಿಸಿಬಿಟ್ಟಿತು. ನನ್ನ ಸಂಬಳ 19,000. 21,000ದವರೆಗಿನವರಿಗೆ ಇಎಸ್‌ಐ ಅನ್ವಯಿಸುತ್ತಿತ್ತು. ಶೇಕಡಾ 0.75ರಂತೆ ತಿಂಗಳಿಗೆ 143 ರೂಪಾಯಿ ನನ್ನಿಂದ ಕಡಿತವಾಗುತ್ತಿತ್ತು. ಕಂಪನಿ ಶೇಕಡಾ 3.25 ಸೇರಿಸುತ್ತಿತ್ತು. ಆ ಚಲನ್ನು ಪ್ರತಿ ತಿಂಗಳೂ ತಯಾರಿಸುತ್ತಿದ್ದವನು ನಾನೇ. ಅದು ಆಸ್ಪತ್ರೆಗೆ ಕಟ್ಟುವ ದುಡ್ಡು ಎಂದಷ್ಟೇ ತಿಳಿದುಕೊಂಡಿದ್ದೆ. ಕೆಲಸ ಕಳೆದುಕೊಂಡವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂದು 2018ರಿಂದ ಒಂದಿದೆ, 2020ರಲ್ಲಿ ಅದರ ಮೊತ್ತವನ್ನು ಸರಾಸರಿ ದಿನದ ಗಳಿಕೆಯ ಅರ್ಧಕ್ಕೆ ಏರಿಸಿದ್ದಾರೆ, ಹೆಚ್ಚೆಂದರೆ 90 ದಿನ ಸಿಗುತ್ತದೆ, ಅದೂ ಜೀವಮಾನದಲ್ಲಿ ಒಂದೇ ಸಲ. 46 ಜನರ ಚಲನ್ನು ತುಂಬುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ. ಮಷೀನಿನ ಮುಂದೆ ನಿಲ್ಲುವ ಆ ಉಳಿದ 45 ಜನರಿಗೆ ಯಾರು ಹೇಳಬೇಕಿತ್ತು?

ಮಾರನೆಯ ದಿನ ಮ್ಯಾನೇಜರಿಗೆ ಹೇಳಿದೆ: “ಸಿಬ್ಬಂದಿ ಕಡಿತ ಅಂತಲೇ ಬರೆದುಕೊಡಿ ಸಾರ್. ಬೇರೇನೂ ಬೇಡ.” ಕಾಗದ ಕೈಗೆ ಬರಲು ಒಂಬತ್ತು ದಿನ ಹಿಡಿಯಿತು. ಎರಡು ಸಲ ಮೇಲ್, ಮೂರು ಸಲ ಖುದ್ದಾಗಿ ಹೋಗಿ ರಿಸೆಪ್ಷನ್ನಿನ ಕುರ್ಚಿಯಲ್ಲಿ ಕೂತದ್ದು. ಕೊಟ್ಟರು, ಹಣವನ್ನೂ ಕೊಟ್ಟರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಆಮೇಲಿನ ದಿನಗಳನ್ನು ಇಲ್ಲಿ ಬಿಡಿಸಿ ಬರೆಯಲಾರೆ. ಕೆಲಸ ಹುಡುಕಿದವರಿಗೆಲ್ಲ ಅವು ಗೊತ್ತಿರುವಂಥವೇ. ದಾಸರಹಳ್ಳಿಯಿಂದ ಮೆಟ್ರೊ ಹತ್ತುವುದು, ಇಳಿಯುವುದು. ‘ಫ್ರೆಶರ್ ಬೇಕು’ ಎಂದು ಹಾಕಿ, ಕೆಳಗೆ ಎರಡು ವರ್ಷದ ಅನುಭವ ಎಂದು ಬರೆದ ಜಾಹೀರಾತುಗಳು. ನೋಂದಣಿಗೆ 2,500 ಕಟ್ಟಿ ಎಂದ ಒಂದು ಏಜೆನ್ಸಿ, ಕಟ್ಟಲಿಲ್ಲ. ಮಲ್ಲೇಶ್ವರದ ಸಿ.ಎ. ಕಚೇರಿಗಳಿಗೂ ಹೋದೆ. ಅಲ್ಲಿ ಸಿ.ಎ. ಓದುವ ಮಕ್ಕಳು ಆರ್ಟಿಕಲ್‌ಶಿಪ್ಪಿಗೆ ಬಂದು ಕಡಿಮೆ ಸ್ಟೈಪೆಂಡಿಗೆ ರಾತ್ರಿ ಹಗಲು ದುಡಿಯುತ್ತಾರೆ. ನನ್ನಂಥವನಿಗೆ ಅಲ್ಲಿ ಜಾಗ ಕಡಿಮೆ. ಚಿಕ್ಕಪೇಟೆಯ ಜವಳಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕೇಬಿಟ್ಟಿತು ಎನ್ನುವಾಗ, ಪುಸ್ತಕ ಎರಡು ಇರುತ್ತದೆ, ಒಂದು ಟ್ಯಾಲಿಯಲ್ಲಿ, ಇನ್ನೊಂದು ನನ್ನ ಹತ್ತಿರ ಎಂದರು ಮಾಲೀಕರು. ನಮಸ್ಕಾರ ಹೇಳಿ ಮೆಟ್ಟಿಲಿಳಿದೆ. ಅವತ್ತು ಜೇಬಿನಲ್ಲಿ ಎಷ್ಟಿತ್ತೆಂದು ನನಗೆ ಚೆನ್ನಾಗಿ ನೆನಪಿದೆ, ಆದರೂ ಆ ಮೆಟ್ಟಿಲಿಳಿದದ್ದಕ್ಕೆ ಒಂದು ದಿನವೂ ಮರುಗಿಲ್ಲ.

ನಾನು ಮಾಡಿದ ತಪ್ಪೊಂದಿದೆ, ಅದನ್ನು ಬರೆಯಲೇಬೇಕು. ಡಿಸೆಂಬರ್ ಕೊನೆಯ ಹೊತ್ತಿಗೆ ಧೈರ್ಯ ಕರಗಿತ್ತು. ಕನ್ಸಲ್ಟೆನ್ಸಿಯ ಹುಡುಗಿಯೊಬ್ಬಳು “ತೆಗೆದ್ರು ಅನ್ಬೇಡಿ ಸರ್, ಪರ್ಸನಲ್ ರೀಸನ್ ಅನ್ನಿ” ಎಂದಿದ್ದಳು. ಯಶವಂತಪುರದ ಒಂದು ಗೋದಾಮಿನ ಇಂಟರ್‌ವ್ಯೂನಲ್ಲಿ “ಯಾಕೆ ಬಿಟ್ರಿ?” ಎಂದು ಕೇಳಿದಾಗ, “ನಾನೇ ಬಿಟ್ಟೆ, ಊರಲ್ಲಿ ಸ್ವಲ್ಪ ಕೆಲಸವಿತ್ತು” ಎಂದುಬಿಟ್ಟೆ. ಅವರು ಅಲ್ಲೇ ಹಳೆಯ ಕಂಪನಿಗೆ ಫೋನು ಮಾಡಿದರು. ಫೋನಿಟ್ಟು ನನ್ನ ಮುಖ ನೋಡಿದರು. ಬೈಯಲಿಲ್ಲ, ಫೈಲನ್ನು ಮುಚ್ಚಿ ನನ್ನ ಕಡೆ ಸರಿಸಿದರು. ಒಂಬತ್ತು ದಿನ ಕಾದು ಪಡೆದ ಕಾಗದ ಆ ಫೈಲಿನೊಳಗೇ ಇತ್ತು.

ಅವತ್ತು ಸಂಜೆ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅಲ್ಲಿಯವರೆಗೆ ಕೆಲಸ ಹೋದದ್ದನ್ನೇ ಊರಿಗೆ ತಿಳಿಸಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಅಪ್ಪ ಕೇಳಿದ್ದು ಒಂದೇ: “ಊಟ ಆಯ್ತಾ?” ಆಮೇಲೆ, “ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರಿ. ಅಷ್ಟೇ ತಾನೆ?”

ಅಪ್ಪನಿಗೆ ಗೊತ್ತಿರಲಿಕ್ಕಿಲ್ಲ, 2023ರ ಏಪ್ರಿಲ್ 1ರಿಂದ ಕಂಪನಿಗಳೆಲ್ಲ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ ಇಡುವುದು ಕಡ್ಡಾಯವಾಗಿದೆ. ಯಾವ ವೋಚರನ್ನು ಯಾವತ್ತು ತಿದ್ದಿದರು, ಮೊದಲು ಏನಿತ್ತು ಎಂಬುದು ಅದರಲ್ಲಿ ಉಳಿಯುತ್ತದೆ, ಅದನ್ನು ಆರಿಸಿಡುವಂತಿಲ್ಲ. ತಿಪಟೂರಿನ ಮಂಡಿಯ ಕೆಂಪು ಪುಸ್ತಕದಲ್ಲಿ ಅಪ್ಪ ಎಳೆಯುತ್ತಿದ್ದ ಆ ಒಂದು ಗೆರೆ ಈಗ ಕಾನೂನೇ ಆಗಿದೆ.

ಫೆಬ್ರವರಿಯ ಮೂರನೇ ವಾರ ರಾಜಾಜಿನಗರ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ಕಚೇರಿಗೆ ಹೋದೆ. ಪಂಪ್‌ಸೆಟ್ಟಿನ ಬಿಡಿಭಾಗಗಳನ್ನು ಹಳ್ಳಿ ಹಳ್ಳಿಯ ಅಂಗಡಿಗಳಿಗೆ ಸರಬರಾಜು ಮಾಡುವವರು. ಯಜಮಾನಿ ಅರವತ್ತು ದಾಟಿದವರು. ಮಾತಿಲ್ಲ, ಕತೆಯಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟಿನ ಆರು ಹಾಳೆ, ಪುಸ್ತಕದ ಆರು ಹಾಳೆ, ಒಂದು ಪೆನ್ಸಿಲ್ ಕೈಗಿಟ್ಟು, “ಎರಡೂ ತಾಳೆ ಆಗ್ತಿಲ್ಲ, ನೋಡಪ್ಪಾ” ಎಂದು ಒಳಗೆ ಹೋದರು.

ಬಿಆರ್‌ಎಸ್ ಎನ್ನುತ್ತೇವೆ ಅದಕ್ಕೆ, ಬ್ಯಾಂಕಿನ ಬಾಕಿಗೂ ನಮ್ಮ ಪುಸ್ತಕದ ಬಾಕಿಗೂ ಹೊಂದಾಣಿಕೆ. ಪಿಯುಸಿಯಲ್ಲೇ ಕಲಿಸುವ ಪಾಠ, ಆದರೆ ಪರೀಕ್ಷೆಯ ಲೆಕ್ಕವೇ ಬೇರೆ, ನಿಜವಾದ ಹಾಳೆಯೇ ಬೇರೆ. ಸಾಲು ಸಾಲಾಗಿ ಟಿಕ್ ಹಾಕುತ್ತ ಬಂದೆ. ಕೊಟ್ಟಿದ್ದರೂ ಬ್ಯಾಂಕಿಗೆ ಇನ್ನೂ ಬಾರದ ಚೆಕ್ಕುಗಳು ಮೂರು. ಬ್ಯಾಂಕಿನವರು ಹಿಡಿದುಕೊಂಡ ಶುಲ್ಕ, ನಮ್ಮಲ್ಲಿ ಬರೆದಿಲ್ಲ. ಇವನ್ನೆಲ್ಲ ಕಳೆದು ಕೂಡಿದ ಮೇಲೂ 4,500 ರೂಪಾಯಿ ವ್ಯತ್ಯಾಸ ಉಳಿಯಿತು. ಆರು ಹಾಳೆಯಲ್ಲೂ 4,500ರ ಸಾಲು ಒಂದೂ ಇಲ್ಲ. ಅರ್ಧ ಮಾಡಿ ನೋಡಿದೆ: 2,250. ಜಮಾ ಆಗಬೇಕಾದದ್ದು ಖರ್ಚಿಗೆ ಬಿದ್ದಿದ್ದರೆ ವ್ಯತ್ಯಾಸ ಎರಡರಷ್ಟಾಗುತ್ತದೆ. ಅದೂ ಇಲ್ಲ. ಆಗ ಒಂಬತ್ತರಿಂದ ಭಾಗಿಸಿದೆ. 500, ಶೇಷವಿಲ್ಲ.

ಲೆಕ್ಕ ಬರೆಯುವವರಿಗೆ ಇದು ಗೊತ್ತಿರುವ ಉಪಾಯ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಇಲ್ಲಿ 500 ಎಂದರೆ ಸಾವಿರದ ಸ್ಥಾನಕ್ಕೂ ನೂರರ ಸ್ಥಾನಕ್ಕೂ ಅದಲುಬದಲು, ಆ ಎರಡು ಅಂಕಿಗಳ ನಡುವೆ ಐದರ ಅಂತರ. ಹಾಗೆ ಹುಡುಕಿದರೆ ಹಾಳೆಯಲ್ಲಿ ಉಳಿದದ್ದು ನಾಲ್ಕೇ ಸಾಲು. ಮೂರನೆಯದು ಲಾರಿ ಬಾಡಿಗೆ: ಬ್ಯಾಂಕಿನಲ್ಲಿ 8,350, ಪುಸ್ತಕದಲ್ಲಿ 3,850. ಪೆನ್ಸಿಲಿನಲ್ಲಿ 3,850ರ ಮೇಲೆ ಒಂದು ಗೆರೆ ಎಳೆದೆ, ಪಕ್ಕದಲ್ಲಿ 8,350 ಬರೆದೆ, ಸಹಿ ಹಾಕಿದೆ. ಕೈ ತಾನಾಗಿಯೇ ಮಾಡಿತು. ನಲವತ್ತು ನಿಮಿಷ ಹಿಡಿದಿತ್ತು.

ಅವರು ಬಂದು ನೋಡಿದರು. ಗೆರೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಆ ಪ್ರಶ್ನೆ ಬಂತು.

“ಹಳೇ ಕೆಲಸ ಯಾಕಪ್ಪಾ ಬಿಟ್ಟೆ?”

“ಬಿಟ್ಟಿಲ್ಲ ಮೇಡಂ. ತೆಗೆದ್ರು. ಕಾಗದ ಇದೆ.”

ಕಿಟಕಿಯ ಬೆಳಕಿಗೆ ಹಿಡಿದು ಪೂರ್ತಿ ಓದಿದರು. ಕನ್ನಡಕ ತೆಗೆದು ಹೇಳಿದರು: “2020ರಲ್ಲಿ, ಲಾಕ್‌ಡೌನಿನಲ್ಲಿ, ನಾನೂ ಮೂರು ಜನರನ್ನ ತೆಗೆದೆ. ಒಬ್ಬರಿಗೂ ಹೀಗೆ ಬರೆದುಕೊಡಲಿಲ್ಲ. ಕೇಳಬೇಕು ಅಂತ ಅವರಿಗೂ ಗೊತ್ತಿರಲಿಲ್ಲ.” ನಾನು ಏನೂ ಹೇಳಲಿಲ್ಲ. ಅವರೂ ಉತ್ತರ ಕೇಳಿದ್ದಲ್ಲ. ಸಂಬಳ 18,500, ಹಳೆಯದಕ್ಕಿಂತ 500 ಕಡಿಮೆ. ಒಪ್ಪಿಕೊಂಡೆ.

ಈಗ ನನ್ನ ಕೆಲಸದ ಹೆಚ್ಚಿನ ಭಾಗ ಫೋನಿನ ಮೇಲೆ. ನಾವು ಕೊಂಡ ಮಾಲಿನ ಬಿಲ್ಲನ್ನು ಮಾರಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ ತೋರಿಸದಿದ್ದರೆ ಅದು ನಮ್ಮ 2ಬಿಯಲ್ಲಿ ಬರುವುದಿಲ್ಲ. ಬಾರದಿದ್ದರೆ ಆ ತೆರಿಗೆ ನಮಗೆ ಜಮೆಯಾಗುವುದಿಲ್ಲ. 2022ರ ಜನವರಿಯಿಂದ ಇದರಲ್ಲಿ ವಿನಾಯಿತಿಯೇ ಇಲ್ಲ. 14ರ ಮಧ್ಯಾಹ್ನದಿಂದ ಶುರು: “ಅಣ್ಣಾ, ನಮ್ಮ ಎರಡು ಬಿಲ್ಲು ಟೂ-ಬೀಲಿ ಬಂದಿಲ್ಲ, ಸ್ವಲ್ಪ ನೋಡ್ತೀರಾ?” ಒಮ್ಮೊಮ್ಮೆ ಅವರು ಬರೆಯುವುದನ್ನೇ ಮರೆತಿರುತ್ತಾರೆ, ಒಮ್ಮೊಮ್ಮೆ ನಮ್ಮ ಹದಿನೈದು ಅಕ್ಷರದ ಜಿಎಸ್‌ಟಿ ನಂಬರಿನಲ್ಲಿ ಒಂದಕ್ಷರ ತಪ್ಪಿ ನಮ್ಮ ತೆರಿಗೆ ಯಾರದೋ ಖಾತೆಗೆ ಹೋಗಿ ಕೂತಿರುತ್ತದೆ. ಆ ಕಡೆ ಫೋನೆತ್ತುವವರೂ ಸಾಮಾನ್ಯವಾಗಿ ನನ್ನಂತೆಯೇ ಹೊಸಬರು, ಹದಿನೆಂಟು ಇಪ್ಪತ್ತು ಸಾವಿರದ ಹುಡುಗ ಹುಡುಗಿಯರು. ಊರೂರಿನ ವ್ಯಾಪಾರದ ಲೆಕ್ಕ ತಾಳೆಯಾಗುತ್ತಿರುವುದು ಇವರ ಫೋನುಗಳಿಂದ. ಇದನ್ನು ಪುಟಗೋಸಿ ಕೆಲಸ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಇಎಸ್‌ಐ ಹಣ ಫೆಬ್ರವರಿಯಲ್ಲಿ ಬ್ಯಾಂಕಿಗೆ ಬಂದಿತ್ತು. ಪಿಎಫ್‌ನದು ಬೇರೆಯೇ ಕತೆ. 46 ಜನರ ಫೈಲು ಕಳಿಸುತ್ತಿದ್ದವನು ನನ್ನ ಪಾಸ್‌ಬುಕ್ಕನ್ನು ಒಮ್ಮೆಯೂ ತೆರೆದಿರಲಿಲ್ಲ. ತೆರೆದಾಗ, ತಿಂಗಳಿಗೆ ನನ್ನ 1,800, ಕಂಪನಿಯ 550, ಪಿಂಚಣಿಗೆ 1,250 ಎಲ್ಲ ಸರಿಯಾಗಿಯೇ ಇತ್ತು. ಆದರೆ ಸರ್ವಿಸ್ ಹಿಸ್ಟರಿಯಲ್ಲಿ ಕೆಲಸ ಬಿಟ್ಟ ದಿನಾಂಕದ ಜಾಗ ಖಾಲಿ. ಆ ದಿನಾಂಕವಿಲ್ಲದೆ ಪೂರ್ತಿ ಹಣ ತೆಗೆಯಲೂ ಆಗದು, ಹೊಸ ಖಾತೆಗೆ ಸಾಗಿಸಲೂ ಆಗದು. ಕಂಪನಿ ಹಾಕದಿದ್ದರೆ, ಕೊನೆಯ ಕಂತಿನಿಂದ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಪೋರ್ಟಲ್ಲಿನಲ್ಲಿ ಹಾಕಿಕೊಳ್ಳಬಹುದು. ನಾನೇ ಹಾಕಿಕೊಂಡೆ. ಈಗ ಅಲ್ಲಿ ಎರಡು ಸಾಲಿದೆ. ಮೊದಲನೆಯದರಲ್ಲಿ ಬಿಟ್ಟ ದಿನ 21-11-2023, ಎರಡನೆಯದರಲ್ಲಿ ಸೇರಿದ ದಿನ 04-03-2024. ನಡುವೆ 103 ದಿನ.

ಲೆಕ್ಕ ಬರೆಯುವ ಗೆಳೆಯರೇ, ನೀವು ಚಲನ್ನು ತುಂಬುವ ಜನರಿಗೆ ಇಎಸ್‌ಐ ಯಾಕೆ, ಪಿಎಫ್ ಯಾಕೆ ಎಂದು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೂತು ಹೇಳಿ. ನಿಮ್ಮ ಪಾಸ್‌ಬುಕ್ಕನ್ನೂ ತೆರೆದು ನೋಡಿ. ಎಂದಾದರೂ ಟೈಪಾದ ರಾಜೀನಾಮೆಯೊಂದನ್ನು ಯಾರಾದರೂ ನಿಮ್ಮ ಮುಂದಿಟ್ಟು ಪೆನ್ನು ಕೊಟ್ಟರೆ, ಒಂದು ರಾತ್ರಿ ಸಮಯ ಕೇಳಿ.